ಫ್ಯಾನ್ ಡೈರೆಕ್ಟ್ ಮಾಡಬೇಡಿ

ಲೋಡ್ ಹೊತ್ತ ಹಳೆಯ ಲಾರಿಯೊಂದು ಶಿರಾಡಿ ಘಾಟಿಯಲ್ಲಿ ಹೀಟ್ ಆಗಿ ನಿಂತರೆ, ಮರುದಿನ ಗ್ಯಾರೇಜಿನಲ್ಲಿ ಅದಕ್ಕೆ ಏನು ಚಿಕಿತ್ಸೆ ಆಗುತ್ತದೆ ಎಂಬುದನ್ನು ನೋಡದೆಯೇ ಹೇಳಬಹುದು. ಥರ್ಮೋಸ್ಟಾಟ್ ಕಳಚಿ ಎಸೆಯುತ್ತಾರೆ. ವಿಸ್ಕಸ್ ಫ್ಯಾನ್ ಇದ್ದರೆ ಅದರ ಕ್ಲಚ್ಚಿಗೆ ಬೋಲ್ಟ್ ಹೊಡೆದೋ ವೆಲ್ಡಿಂಗ್ ಇಟ್ಟೋ ‘ಡೈರೆಕ್ಟ್’ ಮಾಡುತ್ತಾರೆ. ಫ್ಯಾನ್ ಮೊದಲೇ ಡೈರೆಕ್ಟ್ ಆಗಿದ್ದರೆ ಹೆಚ್ಚು ರೆಕ್ಕೆಯ, ಅಗಲದ ಫ್ಯಾನ್ ಹುಡುಕಿ ತರುತ್ತಾರೆ. ರೇಡಿಯೇಟರಿನ ಹಿಂದೆ ಫ್ಯಾನನ್ನು ಸುತ್ತುವರಿದ ಕವಚಕ್ಕೆ ಶ್ರೌಡ್ ಎನ್ನುತ್ತಾರೆ. ಈ ಕೆಲಸಕ್ಕೆ ಕೈ ಆಡದೆ ಅದು ಅಡ್ಡ ಬಂದರೆ ಬಿಚ್ಚಿ ಗೋಡೆಗೆ ಒರಗಿಸುತ್ತಾರೆ, ಅದು ಮತ್ತೆ ಲಾರಿ ಹತ್ತುವುದಿಲ್ಲ.

ಇವೆಲ್ಲದರ ಬೆನ್ನಿಗೆ ನಿಂತಿರುವುದು ಒಂದೇ ನಂಬಿಕೆ: ಎಂಜಿನ್ ತಂಪಾಗಿದ್ದಷ್ಟೂ ಬಾಳಿಕೆ ಹೆಚ್ಚು, ಹಳೆಯ ಎಂಜಿನ್ನಿಗಂತೂ ತಂಪೇ ಮದ್ದು. ಯಶವಂತಪುರದ ಟ್ರಕ್ ಟರ್ಮಿನಲ್‌ನಿಂದ ಹುಬ್ಬಳ್ಳಿಯ ಗ್ಯಾರೇಜುಗಳವರೆಗೆ ಈ ಮಾತನ್ನು ಒಪ್ಪದ ಮೇಸ್ತ್ರಿ ಸಿಗುವುದು ಅಪರೂಪ. ಓನರುಗಳೂ ನಂಬಿದ್ದಾರೆ, ಡ್ರೈವರುಗಳೂ ನಂಬಿದ್ದಾರೆ. ಈ ನಂಬಿಕೆ ತಪ್ಪು. ಅರ್ಧ ತಪ್ಪು, ಮುಕ್ಕಾಲು ತಪ್ಪು ಎಂದು ಮೆತ್ತಗೆ ಹೇಳುವ ಹಾಗೂ ಇಲ್ಲ. ಇನ್ನೂ ಹತ್ತು ವರ್ಷ ದುಡಿಯಬಹುದಾದ ಎಂಜಿನ್ನುಗಳು ಇದರಿಂದಾಗಿ ಬೋರ್ ಸವೆದು ರಿಬೋರಿಗೆ ಬರುತ್ತಿವೆ, ಮತ್ತು ಘಾಟಿಯಲ್ಲಿ ಹೀಟ್ ಆಗುವ ಲಾರಿ ಈ ಚಿಕಿತ್ಸೆಗಳ ನಂತರವೂ ಹೀಟ್ ಆಗುತ್ತಲೇ ಇದೆ.

ಫ್ಯಾನಿನ ಹೊರೆ ಎಷ್ಟು ದೊಡ್ಡದೆಂದು ಮೊದಲು ಲೆಕ್ಕ ಹಾಕೋಣ. ಡೀಸೆಲ್ ಉರಿದು ಬರುವ ಶಕ್ತಿಯಲ್ಲಿ ಕೆಲಸಕ್ಕೆ ಒದಗುವುದು ಸ್ಥೂಲವಾಗಿ ಮೂರನೇ ಒಂದು ಪಾಲು ಅಥವಾ ಅದಕ್ಕಿಂತ ತುಸು ಹೆಚ್ಚು. ಮಿಕ್ಕದ್ದರಲ್ಲಿ ದೊಡ್ಡ ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಇನ್ನೊಂದು ದೊಡ್ಡ ಪಾಲು ನೀರಿಗೆ ಸೇರುತ್ತದೆ. 110 ಅಶ್ವಶಕ್ತಿಯ ಲಾರಿ ಪೂರ್ಣ ಲೋಡಿನಲ್ಲಿ ಏರು ಹತ್ತುವಾಗ ರೇಡಿಯೇಟರ್ ಹೊರಹಾಕಬೇಕಾದ ಶಾಖ ಹತ್ತಿರ ಹತ್ತಿರ 50 ಕಿಲೋವಾಟ್. ರೇಡಿಯೇಟರನ್ನು ದಾಟುವ ಗಾಳಿ 30 ಡಿಗ್ರಿಯಷ್ಟು ಬಿಸಿಯಾಗುತ್ತದೆ ಎಂದಿಟ್ಟುಕೊಂಡರೆ, ಆ ಶಾಖವನ್ನು ಒಯ್ಯಲು ಸೆಕೆಂಡಿಗೆ ಸುಮಾರು ಒಂದೂವರೆ ಘನ ಮೀಟರ್ ಗಾಳಿ ಬೇಕು. ಬಯಲಿನ ಹೆದ್ದಾರಿಯಲ್ಲಿ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ಇದರ ಬಹುಪಾಲನ್ನು ಒದಗಿಸುತ್ತದೆ. ಗುಂಡ್ಯದಿಂದ ಸಕಲೇಶಪುರದ ಕಡೆಗೆ, ಅಥವಾ ಅಂಕೋಲೆಯ ಕಡೆಯಿಂದ ಅರಬೈಲ್ ಘಾಟಿಯಲ್ಲಿ 10–15 ಕಿಲೋಮೀಟರ್ ವೇಗದಲ್ಲಿ ತೆವಳುವಾಗ ಎದುರುಗಾಳಿ ಇಲ್ಲವೆಂದೇ ಹೇಳಬೇಕು. ಬೆನ್ನಿಗೆ ಗಾಳಿ ಬೀಸಿದರಂತೂ ಮುಗಿಯಿತು. ಅಲ್ಲಿ ಫ್ಯಾನ್ ಒಂದೇ ಗತಿ. ಆದ್ದರಿಂದ ಫ್ಯಾನನ್ನು ಹಗುರವಾಗಿ ಕಾಣಬೇಡಿ. ನನ್ನ ಜಗಳ ಫ್ಯಾನಿನ ಮೇಲಲ್ಲ, ಹೀಟ್ ಆದಾಗಲೆಲ್ಲ ಅದರ ಮೇಲೇ ತಪ್ಪು ಹೊರಿಸುವ ಅಭ್ಯಾಸದ ಮೇಲೆ.

ಟಾಟಾ 1210ರಂಥ ಹಳೆಯ ಲಾರಿಗಳಲ್ಲಿ ಫ್ಯಾನ್ ನೇರವಾಗಿ ವಾಟರ್ ಪಂಪಿನ ಪುಲ್ಲಿಯ ಮೇಲೆ ಕೂತಿರುತ್ತದೆ. ಎಂಜಿನ್ ತಿರುಗಿದಷ್ಟೂ ಅದು ತಿರುಗುತ್ತದೆ. ಆ ಕಾಲದ ಕ್ರಮ ಅದು. ಆಮೇಲೆ ಬಂದ ಲಾರಿಗಳಲ್ಲಿ ವಿಸ್ಕಸ್ ಕ್ಲಚ್ ಬಂತು. 1993ರಲ್ಲಿ ಟಾಟಾ ಮತ್ತು ಕಮಿನ್ಸ್ ಕೂಡಿ ಜಂಟಿ ಸಂಸ್ಥೆ ಕಟ್ಟಿದ ನಂತರ ರಸ್ತೆಗಿಳಿದ ಲಾರಿಗಳು ಕೂಡ ಈಗ ‘ಹಳೆಯ ಲಾರಿ’ ಎನಿಸಿಕೊಳ್ಳುವ ವಯಸ್ಸಿಗೆ ಬಂದಿವೆ. ಡೈರೆಕ್ಟ್ ಮಾಡುವ ಗೀಳು ಇಂಥವುಗಳ ಮೇಲೇ ಹೆಚ್ಚು. ವಿಸ್ಕಸ್ ಕ್ಲಚ್ಚಿನ ಒಳಗೆ ಗಟ್ಟಿ ಸಿಲಿಕೋನ್ ಎಣ್ಣೆ ಇರುತ್ತದೆ. ಮುಂಭಾಗದಲ್ಲಿ ಎರಡು ಲೋಹ ಬೆಸೆದ ಸುರುಳಿಯೋ ಪಟ್ಟಿಯೋ ಇರುತ್ತದೆ. ರೇಡಿಯೇಟರ್ ದಾಟಿ ಬಂದ ಗಾಳಿ ಬಿಸಿಯಾದಾಗ ಅದು ಬಾಗಿ ಒಳಗಿನ ಕವಾಟ ತೆರೆಯುತ್ತದೆ, ಎಣ್ಣೆ ಹರಿದುಬಂದು ಕ್ಲಚ್ಚಿನ ಎರಡು ಭಾಗಗಳನ್ನು ಒಟ್ಟಿಗೆ ತಿರುಗಿಸುತ್ತದೆ. ಗಾಳಿ ತಣಿದರೆ ಎಣ್ಣೆ ಹಿಂದೆ ಸರಿಯುತ್ತದೆ, ಫ್ಯಾನ್ ಸಡಿಲವಾಗಿ ತಿರುಗುತ್ತದೆ. ಅದಕ್ಕೆ ವಯರೂ ಬೇಡ, ಸ್ವಿಚ್ಚೂ ಬೇಡ.

ಇದನ್ನು ಬೋಲ್ಟ್ ಹೊಡೆದು ಕಟ್ಟಿಹಾಕಿದರೆ ಆಗುವುದೇನು? ಕ್ಲಚ್ ಸರಿಯಿದ್ದರೆ ಘಾಟಿಯ ಬಿಸಿಯಲ್ಲಿ ಅದು ಹೇಗೂ ಹೆಚ್ಚುಕಡಿಮೆ ಪೂರ್ತಿ ಹಿಡಿದುಕೊಂಡೇ ಇರುತ್ತದೆ. ಕಟ್ಟಿಹಾಕಿ ಸಿಗುವ ಹೆಚ್ಚಿನ ಗಾಳಿ ನಗಣ್ಯ. ನಷ್ಟ ಮಾತ್ರ ಬಯಲಿನ ಪ್ರತಿ ಕಿಲೋಮೀಟರಿನಲ್ಲೂ ಆಗುತ್ತದೆ. ಫ್ಯಾನ್ ತಿನ್ನುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 2400 ಸುತ್ತಿನಲ್ಲಿ ಒಂದು ಫ್ಯಾನ್ ಆರು ಅಶ್ವಶಕ್ತಿ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಅದೇ ಫ್ಯಾನ್ 1200 ಸುತ್ತಿನಲ್ಲಿ ಎಳೆಯುವುದು ಮುಕ್ಕಾಲು ಅಶ್ವಶಕ್ತಿ ಮಾತ್ರ. ತುಮಕೂರಿನಿಂದ ದಾವಣಗೆರೆಯವರೆಗೆ ಎದುರುಗಾಳಿಯೇ ಸಾಕಾಗಿರುವ ದಾರಿಯಲ್ಲಿ, ಬೇಡದ ಗಾಳಿಗಾಗಿ ಡೀಸೆಲ್ ಸುಡುತ್ತಾ ಹೋಗುವುದನ್ನು ಮಿತವ್ಯಯವೆಂದು ಯಾರು ಕರೆದಾರು? ಕ್ಲಚ್ ಸತ್ತಿದೆ, ಅದಕ್ಕೇ ಡೈರೆಕ್ಟ್ ಮಾಡಿದೆ ಎನ್ನುವವರಿಗೆ ನನ್ನ ಉತ್ತರ: ಊರು ಸೇರುವವರೆಗೆ ಮಾಡಿ, ಸರಿ. ಊರು ಸೇರಿದ ಮೇಲೆ ಹೊಸ ಕ್ಲಚ್ ಹಾಕಿ.

ಅದು ಸತ್ತಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವವರಾದರೂ ಎಷ್ಟು ಜನ? ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ, ಕೀಲಿ ಕೈಯಲ್ಲಿ ಹಿಡಿದುಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗುವಾಗಿ ತಿರುಗಿ ತಟ್ಟನೆ ನಿಂತರೆ ಕ್ಲಚ್ ಜೀವಂತ. ತಳ್ಳಿದ ಮೇಲೆ ತನ್ನ ಪಾಡಿಗೆ ಸುತ್ತು ಹೊಡೆದರೆ ಎಣ್ಣೆ ಹೋಗಿದೆ. ಕ್ಲಚ್ಚಿನ ನಡುವಿನಿಂದ ಹೊರಕ್ಕೆ ಎಣ್ಣೆಯ ಗೆರೆ ಚಿಮ್ಮಿ ಧೂಳು ಮೆತ್ತಿಕೊಂಡಿದ್ದರೆ ಸಂಶಯವೇ ಬೇಡ. ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಆಟ ಇದ್ದರೆ ಬೇರಿಂಗ್ ಹೋಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಫ್ಯಾನ್ ಭೋರ್ಗರೆದು ಆಮೇಲೆ ಸುಮ್ಮನಾಗುವುದು ರೋಗವಲ್ಲ. ರಾತ್ರಿ ನಿಂತಿದ್ದಾಗ ಎಣ್ಣೆ ಕೆಲಸದ ಕೋಣೆಗೆ ಇಳಿದಿರುತ್ತದೆ, ಅಷ್ಟೇ. ಘಾಟಿ ಹತ್ತಿದ ಮೇಲೆ ಸದ್ದು ಒಮ್ಮೆಲೆ ಇಳಿಯುವುದೂ ರೋಗವಲ್ಲ. ‘ಫ್ಯಾನ್ ಕೈಕೊಟ್ಟಿತು’ ಎಂದು ಗಾಬರಿಯಾಗಿ ವೆಲ್ಡಿಂಗ್ ಅಂಗಡಿಗೆ ಒಯ್ದ ಕ್ಲಚ್ಚುಗಳಲ್ಲಿ ಹಲವು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವು.

ಈಗ ಶ್ರೌಡಿನ ವಿಷಯ. ಇಲ್ಲಿ ನನಗೆ ಸಿಟ್ಟು ಹೆಚ್ಚು, ಏಕೆಂದರೆ ಕಾಸು ಖರ್ಚಿಲ್ಲದ ಭಾಗವನ್ನು ಬಿಸಾಡಿ, ಸಾವಿರಾರು ರೂಪಾಯಿಯ ಭಾಗಗಳನ್ನು ಬದಲಿಸುತ್ತಾರೆ. ಫ್ಯಾನ್ ತನ್ನ ಮುಂದೆ ಇರುವ ಗಾಳಿಯನ್ನು ಎಳೆಯುವುದಿಲ್ಲ, ಸುಲಭವಾಗಿ ಸಿಗುವ ಗಾಳಿಯನ್ನು ಎಳೆಯುತ್ತದೆ. ಸಣ್ಣ ಸಂದುಗಳ ರೇಡಿಯೇಟರ್ ಮೂಲಕ ಗಾಳಿ ಬರುವುದು ಕಷ್ಟ. ಎಂಜಿನ್ ಕಡೆಯ ಬಿಸಿಗಾಳಿ ರೆಕ್ಕೆಯ ತುದಿಗಳ ಸುತ್ತಿನಿಂದ ಹಿಂದಕ್ಕೆ ನುಗ್ಗುವುದು ಸುಲಭ. ಶ್ರೌಡ್ ಇಲ್ಲದ ಫ್ಯಾನ್ ಆ ಬಿಸಿಗಾಳಿಯನ್ನೇ ಸುತ್ತಿ ಸುತ್ತಿ ಕಡೆಯುತ್ತಾ ಇರುತ್ತದೆ. ಚೌಕ ರೇಡಿಯೇಟರಿನ ಹಿಂದೆ ದುಂಡು ಫ್ಯಾನ್ ತಿರುಗಿದಾಗ ನಾಲ್ಕು ಮೂಲೆಗಳಿಗೆ ಅದರ ಎಳೆತ ಮುಟ್ಟುವುದೇ ಇಲ್ಲ. ಆ ಮೂಲೆಗಳ ಕೊಳವೆಗಳಲ್ಲಿ ಹರಿಯುವ ನೀರು ಬಿಸಿಯಾಗಿಯೇ ಹಿಂತಿರುಗುತ್ತದೆ. ಶ್ರೌಡ್ ಇದ್ದರೆ ಗಾಳಿಗೆ ರೇಡಿಯೇಟರ್ ಬಿಟ್ಟು ಬೇರೆ ದಾರಿ ಇರದು. ರೆಕ್ಕೆಯ ಅಗಲದ ಅರ್ಧದಿಂದ ಮೂರನೇ ಎರಡು ಭಾಗ ಶ್ರೌಡಿನ ಬಾಯೊಳಗೆ ಇರಬೇಕು, ತುದಿಗೂ ಶ್ರೌಡಿಗೂ ನಡುವೆ ಅರ್ಧದಿಂದ ಒಂದು ಅಂಗುಲ ಜಾಗ ಇರಬೇಕು. ರೇಡಿಯೇಟರ್ ಚಾಸಿಗೆ ಅಂಟಿದೆ, ಎಂಜಿನ್ ರಬ್ಬರಿನ ಮೇಲೆ ಕೂತು ಅಲುಗುತ್ತದೆ. ಹಾಗಾಗಿ ಅದಕ್ಕಿಂತ ಬಿಗಿ ಮಾಡಲಾಗದು.

ಶ್ರೌಡ್ ಬಿಚ್ಚುವವರ ಮುಖ್ಯ ದೂರು, ಫ್ಯಾನ್ ಅದಕ್ಕೆ ಉಜ್ಜುತ್ತದೆ ಎಂಬುದು. ಉಜ್ಜುತ್ತದೆ, ನಿಜ. ಎಲ್ಲಿ ಉಜ್ಜಿದೆ ಎಂದು ನೋಡಿ: ಬಹುತೇಕ ಕೆಳಭಾಗದಲ್ಲಿ. ಎಂಜಿನ್ ಫೌಂಡೇಶನ್ ರಬ್ಬರುಗಳು ಜಜ್ಜಿಹೋಗಿ ಎಂಜಿನ್ ಮುಂದಕ್ಕೆ, ಕೆಳಕ್ಕೆ ಕುಸಿದಿದೆ. ಅದರೊಂದಿಗೆ ಫ್ಯಾನೂ ಇಳಿದಿದೆ. ರಬ್ಬರ್ ಬದಲಿಸುವ ಬದಲು ಶ್ರೌಡ್ ಕತ್ತರಿಸಿದರೆ ರೋಗ ಒಳಗೇ ಉಳಿಯುತ್ತದೆ, ಮುಂದೊಂದು ದಿನ ಬ್ರೇಕ್ ಹೊಡೆದಾಗ ಎಂಜಿನ್ ಮುಂದೆ ಜಗ್ಗಿ ಫ್ಯಾನ್ ನೇರವಾಗಿ ರೇಡಿಯೇಟರಿಗೇ ಬಡಿಯುತ್ತದೆ.

ಥರ್ಮೋಸ್ಟಾಟ್ ಬಗ್ಗೆ ನಮ್ಮಲ್ಲಿ ಇರುವಷ್ಟು ತಪ್ಪು ತಿಳಿವಳಿಕೆ ಲಾರಿಯ ಇನ್ನಾವ ಭಾಗದ ಬಗ್ಗೆಯೂ ಇಲ್ಲ. ಅದು ನೀರಿನ ದಾರಿಗೆ ಅಡ್ಡ ಕೂತ ಮುಚ್ಚಳ, ತೆಗೆದರೆ ನೀರು ಧಾರಾಳವಾಗಿ ಹರಿದು ಎಂಜಿನ್ ತಣ್ಣಗಾಗುತ್ತದೆ ಎಂಬುದು ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ ಎಂಜಿನ್ನಿನೊಳಗೆ ನೀರಿಗೆ ಎರಡು ದಾರಿಗಳಿವೆ. ಒಂದು ರೇಡಿಯೇಟರಿಗೆ ಹೋಗುವುದು. ಇನ್ನೊಂದು ಬೈಪಾಸ್: ರೇಡಿಯೇಟರಿಗೆ ಹೋಗದೆ ಮತ್ತೆ ವಾಟರ್ ಪಂಪಿಗೇ ಮರಳುವ ಗಿಡ್ಡ ದಾರಿ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮೊದಲನೆಯದನ್ನು ಮುಚ್ಚಿ ಎರಡನೆಯದನ್ನು ತೆರೆದಿಡುತ್ತದೆ. ನೀರು ಸುಮಾರು 80 ಡಿಗ್ರಿ ದಾಟುತ್ತಿದ್ದಂತೆ ಒಳಗಿನ ಮೇಣ ಕರಗಿ ಹಿಗ್ಗಿ ಕವಾಟ ಸರಿಯುತ್ತದೆ. ರೇಡಿಯೇಟರಿನ ದಾರಿ ತೆರೆದುಕೊಳ್ಳುತ್ತದೆ, ಅನೇಕ ಎಂಜಿನ್ನುಗಳಲ್ಲಿ ಅದೇ ಚಲನೆಯಿಂದ ಬೈಪಾಸ್ ಮುಚ್ಚಿಕೊಳ್ಳುತ್ತದೆ.

ಈಗ ಅದನ್ನು ಕಿತ್ತೆಸೆಯಿರಿ. ಎರಡೂ ದಾರಿಗಳು ಸದಾ ತೆರೆದಿರುತ್ತವೆ. ನೀರು ಯಾವುದನ್ನು ಆರಿಸಿಕೊಳ್ಳುತ್ತದೆ? ಉದ್ದನೆಯ ಹೋಸು, ನೂರಾರು ಸಣ್ಣ ಕೊಳವೆಗಳು, ಅದರಲ್ಲೂ ಅರ್ಧ ಸುಣ್ಣ ಕಟ್ಟಿದವು, ಇವನ್ನೆಲ್ಲ ದಾಟುವ ದಾರಿಗಿಂತ ಗಿಡ್ಡ ದಾರಿಯೇ ಅದಕ್ಕೆ ಸಲೀಸು. ಎಂಜಿನ್ನಿನಿಂದ ಹೊರಟ ಬಿಸಿನೀರಿನ ದೊಡ್ಡ ಪಾಲು ತಣಿಯದೆ ಎಂಜಿನ್ನಿಗೇ ವಾಪಸು ಬರುತ್ತದೆ. ಘಾಟಿಯಲ್ಲಿ ಹೀಟ್ ಆಗಬಾರದೆಂದು ತೆಗೆದ ಭಾಗ, ತೆಗೆದದ್ದರಿಂದಲೇ ಘಾಟಿಯಲ್ಲಿ ಹೀಟ್ ಆಗುವಂತೆ ಮಾಡುತ್ತದೆ. ಇದು ನನ್ನ ಕಲ್ಪನೆಯಲ್ಲ. ಕಮಿನ್ಸ್ ತನ್ನ ಬಿ ಸರಣಿಯ ಎಂಜಿನ್ನುಗಳ ಕೈಪಿಡಿಯಲ್ಲಿ, ಥರ್ಮೋಸ್ಟಾಟ್ ಇಲ್ಲದೆ ಎಂಜಿನ್ ಎಂದೂ ಓಡಿಸಬೇಡಿ ಎಂದು ಇದೇ ಕಾರಣ ಕೊಟ್ಟು ಎಚ್ಚರಿಸಿದೆ. ಎಂಜಿನ್ ಕಟ್ಟಿದವರ ಮಾತನ್ನು ಬಿಟ್ಟು ಲಾರಿ ಸ್ಟ್ಯಾಂಡಿನ ಮಾತನ್ನು ಏಕೆ ನಂಬಬೇಕು?

ಇನ್ನೊಂದು ಮಗ್ಗುಲು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಘಾಟಿ ಇಳಿಯುವಾಗ, ಚಳಿಗಾಲದ ಬೆಳಗಿನಲ್ಲಿ ಖಾಲಿ ಲಾರಿ ಓಡುವಾಗ, ಥರ್ಮೋಸ್ಟಾಟ್ ಇಲ್ಲದ ಮತ್ತು ಫ್ಯಾನ್ ಡೈರೆಕ್ಟ್ ಆಗಿರುವ ಎಂಜಿನ್ನಿನ ಶಾಖದ ಗೇಜಿನ ಮುಳ್ಳು ಮೇಲೇಳುವುದೇ ಇಲ್ಲ. ಡ್ರೈವರಿಗೆ ಅದು ನೆಮ್ಮದಿಯ ನೋಟ. ಒಳಗೆ ನಡೆಯುವುದು ಬೇರೆ. ಡೀಸೆಲ್ ಉರಿದಾಗ ನೀರಾವಿ ಹುಟ್ಟುತ್ತದೆ. ತಣ್ಣನೆಯ ಲೈನರ್ ಗೋಡೆಯ ಮೇಲೆ ಅದು ಹನಿಯುತ್ತದೆ. ಡೀಸೆಲಿನಲ್ಲಿರುವ ಗಂಧಕ ಉರಿದು ಆ ಹನಿಯೊಂದಿಗೆ ಕೂಡಿ ಆಮ್ಲವಾಗುತ್ತದೆ. ಪೂರ್ತಿ ಉರಿಯದ ಡೀಸೆಲ್ ಗೋಡೆಯ ಎಣ್ಣೆಯ ಪದರವನ್ನು ತೊಳೆದು ಸಂಪಿಗೆ ಇಳಿದು ಎಂಜಿನ್ ಆಯಿಲ್ ತೆಳುವಾಗಿಸುತ್ತದೆ. ಪಿಸ್ಟನ್ ತನ್ನ ಅಳತೆಗೆ ಹಿಗ್ಗದೆ ಬೋರಿನಲ್ಲಿ ಬಡಿದಾಡುತ್ತದೆ. ರಿಂಗ್ ಮತ್ತು ಬೋರ್ ವೇಗವಾಗಿ ಸವೆಯುವುದು ಎಂಜಿನ್ ತಣ್ಣಗಿರುವ ಹೊತ್ತಿನಲ್ಲೇ. ಹೀಗಿರುವಾಗ ದಿನವಿಡೀ ಅದನ್ನು ತಣ್ಣಗಿಡುವುದನ್ನು ಆರೈಕೆ ಎನ್ನಲಾಗದು.

ಈಗಿನ ಡೀಸೆಲಿನಲ್ಲಿ ಗಂಧಕವೇ ಇಲ್ಲವಲ್ಲ ಎಂದು ತಿಳಿದವರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2000ದಲ್ಲಿ ಹತ್ತು ಲಕ್ಷಕ್ಕೆ 2500 ಪಾಲಿನವರೆಗೆ ಗಂಧಕಕ್ಕೆ ಅವಕಾಶವಿತ್ತು. 2017ರ ಏಪ್ರಿಲ್‌ನಲ್ಲಿ ದೇಶಾದ್ಯಂತ 50ಕ್ಕೆ, 2020ರ ಏಪ್ರಿಲ್‌ನಲ್ಲಿ 10ಕ್ಕೆ ಇಳಿಯಿತು. ಆಮ್ಲದ ಕಾಟ ಬಹಳಷ್ಟು ತಗ್ಗಿದೆ, ಅದನ್ನು ಒಪ್ಪುತ್ತೇನೆ. ನೀರಾವಿ ಹನಿಯುವುದು, ಆಯಿಲ್ ತೆಳುವಾಗುವುದು, ಪಿಸ್ಟನ್ ಬಡಿತ ಇವು ಯಾವುವೂ ತಗ್ಗಿಲ್ಲ. ಜೊತೆಗೆ, ಇಂದು ನಾವು ಹಳೆಯದೆನ್ನುವ ಲಾರಿಗಳ ಬೋರುಗಳು ಆ ಹಳೆಯ ಡೀಸೆಲ್ ಕುಡಿದೇ ಅರ್ಧ ಆಯಸ್ಸು ಕಳೆದಿವೆ. ಅವಕ್ಕೆ ಇನ್ನಷ್ಟು ಸವೆತ ಕೊಡುವ ಅವಕಾಶ ನಮಗಿಲ್ಲ.

‘ನನ್ನ ಲಾರಿ ಹತ್ತು ವರ್ಷದಿಂದ ಥರ್ಮೋಸ್ಟಾಟ್ ಇಲ್ಲದೆ ಓಡಿದೆ, ಏನೂ ಆಗಿಲ್ಲ’ ಎಂಬ ಮಾತು ಚರ್ಚೆಯನ್ನೇ ಮುಗಿಸುವಂತೆ ಬರುತ್ತದೆ. ಏನೂ ಆಗಿಲ್ಲ ಎಂದು ಹೇಗೆ ಗೊತ್ತಾಯಿತು? ಆ ಹತ್ತು ವರ್ಷಗಳಲ್ಲಿ ಎಷ್ಟು ಸಲ ರಿಂಗ್ ಹಾಕಿಸಿದ್ದೀರಿ, ಆಯಿಲ್ ಎಷ್ಟು ಟಾಪಪ್ ಮಾಡಿದ್ದೀರಿ, ಬ್ರೀದರಿನಿಂದ ಹೊಗೆ ಬರಲು ಯಾವಾಗ ಶುರುವಾಯಿತು ಎಂದು ಕೇಳಿದರೆ ಉತ್ತರ ಬೇರೆಯೇ ಇರುತ್ತದೆ. ತಣ್ಣನೆಯ ಎಂಜಿನ್ನಿನ ಕೇಡು ಆ ದಿನ ಆಗುವುದಿಲ್ಲ. ರಿಬೋರಿನ ದಿನ ಬಂದಾಗ ತಪ್ಪು ಆಯಿಲಿನ ಕಂಪನಿಯ ಮೇಲೋ, ಕಲಬೆರಕೆ ಡೀಸೆಲಿನ ಮೇಲೋ, ಡ್ರೈವರಿನ ಮೇಲೋ ಬೀಳುತ್ತದೆ. ಥರ್ಮೋಸ್ಟಾಟ್ ತೆಗೆದವರ ಹೆಸರು ಆಗ ಯಾರಿಗೂ ನೆನಪಿರುವುದಿಲ್ಲ.

ಈ ಪದ್ಧತಿ ಮೂರ್ಖತನದಿಂದ ಹುಟ್ಟಿತೆಂದು ನಾನು ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ಘಾಟಿಯ ತಿರುವಿನಲ್ಲಿ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಬಿದ್ದರೆ ಅದನ್ನು ತೆಗೆದು ಲಾರಿಯನ್ನು ಊರು ಮುಟ್ಟಿಸಿದವನು ಜಾಣ. ಹತ್ತಿರದ ಸ್ಪೇರ್ ಅಂಗಡಿ ಬೆಂಗಳೂರಿನ ಜೆ.ಸಿ. ರಸ್ತೆಯಷ್ಟು ದೂರವಿದ್ದ ಕಾಲದಲ್ಲಿ ಬೇರೆ ಉಪಾಯವೂ ಇರಲಿಲ್ಲ. ನಕಲಿ ಥರ್ಮೋಸ್ಟಾಟುಗಳೂ ಬಂದು ವಿಶ್ವಾಸ ಕೆಡಿಸಿದವು. ಹಾದಿಯಲ್ಲಿ ಮಾಡಿದ ತಾತ್ಕಾಲಿಕ ಉಪಾಯ ಗುರುವಿನಿಂದ ಶಿಷ್ಯನಿಗೆ ಬರುತ್ತಾ ನಿಯಮವಾಗಿಬಿಟ್ಟಿತು. ಹೊಸ ಹುಡುಗ ಗ್ಯಾರೇಜಿಗೆ ಸೇರಿದಾಗ ಥರ್ಮೋಸ್ಟಾಟ್ ಎಂದರೆ ಬಿಚ್ಚಿ ಎಸೆಯುವ ವಸ್ತು ಎಂದೇ ಕಲಿಯುತ್ತಾನೆ. ಅದು ಕೆಲಸ ಮಾಡುವುದನ್ನು ಅವನು ಕಣ್ಣಾರೆ ಕಂಡೇ ಇರುವುದಿಲ್ಲ. ನಾನು ವಿರೋಧಿಸುವುದು ಈ ಬೋಧನೆಯನ್ನು.

ಹಾಗಾದರೆ ಹಳೆಯ ಲಾರಿ ಘಾಟಿಯಲ್ಲಿ ಏಕೆ ಹೀಟ್ ಆಗುತ್ತದೆ? ಹೆಚ್ಚಿನ ಸಲ ನೀರಿನಿಂದ. ಕೋಲಾರ, ತುಮಕೂರು, ಬಳ್ಳಾರಿ ಕಡೆಯ ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದರೆ, ಬಚ್ಚಲ ಹಂಡೆಯೊಳಗೆ ಕಟ್ಟುವ ಅದೇ ಬಿಳಿ ಸುಣ್ಣ ಎಂಜಿನ್ನಿನ ನೀರಿನ ಜಾಕೆಟ್ಟಿನಲ್ಲೂ ಕಟ್ಟುತ್ತದೆ. ಒಂದು ಮಿಲಿಮೀಟರ್ ಸುಣ್ಣದ ಪದರ ಶಾಖವನ್ನು ತಡೆಯುವುದು ಇಪ್ಪತ್ತು ಮಿಲಿಮೀಟರಿಗೂ ಹೆಚ್ಚು ದಪ್ಪದ ಎರಕದ ಕಬ್ಬಿಣಕ್ಕೆ ಸಮ. ಹೆಡ್ಡಿನಲ್ಲಿ ವಾಲ್ವುಗಳ ನಡುವಿನ ಸಣ್ಣ ಸಂದಿನಲ್ಲಿ ಇದು ಕಟ್ಟಿಕೊಂಡರೆ ಆ ಜಾಗ ಕೆಂಡವಾಗಿ ಬಿರುಕು ಬಿಡುತ್ತದೆ, ಗೇಜಿನ ಮುಳ್ಳು ಮಾತ್ರ ಸರಿಯಾಗಿಯೇ ತೋರಿಸುತ್ತಿರುತ್ತದೆ. ಯಾವ ಫ್ಯಾನಿನ ಗಾಳಿಯೂ ಅಲ್ಲಿಗೆ ಮುಟ್ಟುವುದಿಲ್ಲ.

ಕೂಲೆಂಟ್ ದುಬಾರಿ, ನೀರು ಸಾಕು ಎನ್ನುವವರ ಮಾತಿನಲ್ಲಿ ಒಂದು ನಿಜವಿದೆ: ಶಾಖ ಹೊರುವುದರಲ್ಲಿ ಶುದ್ಧ ನೀರು ಗ್ಲೈಕಾಲಿಗಿಂತ ಮೇಲು. ಆದ್ದರಿಂದಲೇ ಕೂಲೆಂಟನ್ನು ನೀರು ಬೆರೆಸದೆ ಹಾಗೆಯೇ ಸುರಿಯುವುದೂ ತಪ್ಪು. ಆದರೆ ಕೂಲೆಂಟಿನಲ್ಲಿ ನಮಗೆ ಮುಖ್ಯವಾಗಿ ಬೇಕಾದದ್ದು ತುಕ್ಕು ಮತ್ತು ಸುಣ್ಣ ತಡೆಯುವ ಮದ್ದು. ನೀರು ನೇರವಾಗಿ ಲೈನರಿಗೆ ತಾಗುವ ಎಂಜಿನ್ನುಗಳಲ್ಲಿ ಲೈನರಿನ ಕಂಪನದಿಂದ ಏಳುವ ಸೂಕ್ಷ್ಮ ಗುಳ್ಳೆಗಳು ಒಡೆದು ಹೊರಮೈಯಲ್ಲಿ ಗುಂಡಿ ತೋಡುತ್ತವೆ, ಕೊನೆಗೆ ತೂತೇ ಬಿದ್ದು ನೀರು ಆಯಿಲಿಗೆ ಸೇರುತ್ತದೆ. ಇದನ್ನು ತಡೆಯುವುದೂ ಆ ಮದ್ದೇ. ಡಬ್ಬದ ಮೇಲೆ ಬರೆದ ಅಳತೆಗೆ ಖನಿಜ ತೆಗೆದ ನೀರು ಬೆರೆಸಿ ಹಾಕಿ, ಹೇಳಿದ ಅವಧಿಗೆ ಬದಲಿಸಿ.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಅದರ ಸ್ಪ್ರಿಂಗ್ ಅರ್ಧ ಬಾರ್ ಒತ್ತಡ ಹಿಡಿದರೆ ನೀರು ಕುದಿಯುವುದು ಸಮುದ್ರಮಟ್ಟದಲ್ಲಿ 111 ಡಿಗ್ರಿಯ ಹತ್ತಿರ. ಸ್ಪ್ರಿಂಗ್ ಸತ್ತು ರಬ್ಬರ್ ಒಡೆದಿದ್ದರೆ, ಸಮುದ್ರದಿಂದ 900 ಮೀಟರಿಗೂ ಮೇಲಿರುವ ಸಕಲೇಶಪುರದಲ್ಲಿ ನೀರು 97 ಡಿಗ್ರಿಗೇ ಕುದಿದು ಚೆಲ್ಲುತ್ತದೆ. ಆ ಮುಚ್ಚಳಕ್ಕೆ ಬಟ್ಟೆ ಸುತ್ತಿ ಒತ್ತಿ, ಫ್ಯಾನ್ ಡೈರೆಕ್ಟ್ ಮಾಡಿಸಲು ಹೋಗುವವರಿಗೆ ಹತ್ತಕ್ಕೂ ಹೆಚ್ಚು ಡಿಗ್ರಿಯ ಅವಕಾಶ ಎಲ್ಲಿ ಸೋರಿಹೋಯಿತೆಂದು ತಿಳಿಯುವುದೇ ಇಲ್ಲ.

ಮುಂದೆ ಬಂದು ರೇಡಿಯೇಟರಿನ ಮುಖ ನೋಡಿ. ಭತ್ತದ ಹೊಟ್ಟು, ಹುಳು, ಕೆಸರು, ಅದರ ಮೇಲೆ ಎಣ್ಣೆಯ ಪಸೆ. ತೊಳೆಯುವುದೂ ಮುಂದಿನಿಂದಲೇ, ಸರ್ವೀಸ್ ಸ್ಟೇಷನ್ನಿನ ಪೂರ್ಣ ಒತ್ತಡದಲ್ಲಿ. ಕೊಳೆ ಇನ್ನಷ್ಟು ಒಳಕ್ಕೆ ಹೋಗಿ ಫಿನ್ನುಗಳು ಮಡಿಚಿಕೊಳ್ಳುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ತೊಳೆಯಬೇಕು. ಗ್ರಿಲ್ಲಿನ ಮುಂದೆ ಸ್ಟೀಲ್ ತಗಡಿನ ಅಲಂಕಾರ, ಹೆಸರಿನ ಫಲಕ, ಮಡಿಚಿಟ್ಟ ತಾಡಪಾಲು ಇವೆಲ್ಲ ಗಾಳಿಯ ಬಾಯಿ ಮುಚ್ಚುತ್ತವೆ. ಆಯುಧಪೂಜೆಯ ಹಾರ ಒಣಗಿದ ಮೇಲಾದರೂ ತೆಗೆಯಿರಿ.

ಬೆಲ್ಟ್ ಜಾರುತ್ತಿದ್ದರೂ ಬಯ್ಯಿಸಿಕೊಳ್ಳುವುದು ಫ್ಯಾನೇ. ವಿ ಬೆಲ್ಟ್ ಹಿಡಿಯುವುದು ತನ್ನ ಎರಡು ಪಕ್ಕೆಗಳಿಂದ. ಸವೆದು ಪುಲ್ಲಿಯ ತಳಕ್ಕೆ ತಾಗಿದ ಬೆಲ್ಟನ್ನು ಎಷ್ಟು ಬಿಗಿದರೂ ಅದು ಜಾರುತ್ತದೆ. ಜೋಡಿ ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲವಾದರೆ ಹೊಸದೊಂದೇ ಭಾರ ಹೊತ್ತು ಸಾಯುತ್ತದೆ. ನಡುವೆ ಹೆಬ್ಬೆರಳಿನಿಂದ ಒತ್ತಿದಾಗ 10–15 ಮಿಲಿಮೀಟರ್ ಬಾಗಿದರೆ ಸಾಕು. ತಂತಿಯಂತೆ ಬಿಗಿದರೆ ವಾಟರ್ ಪಂಪಿನ ಬೇರಿಂಗೂ ಆಲ್ಟರ್ನೇಟರಿನ ಬೇರಿಂಗೂ ಬಲಿ. ಕಮಿನ್ಸ್ ಎಂಜಿನ್ನಿನ ಚಪ್ಪಟೆ ಬೆಲ್ಟಿಗೆ ಸ್ಪ್ರಿಂಗ್ ಟೆನ್ಷನರ್ ಇರುವುದರಿಂದ ಅಲ್ಲಿ ನೋಡಬೇಕಾದದ್ದು ಆ ಸ್ಪ್ರಿಂಗನ್ನು.

ದೊಡ್ಡ ಫ್ಯಾನ್ ತರುವವರು ಈ ಬೇರಿಂಗಿನ ಬಗ್ಗೆಯೇ ಯೋಚಿಸಬೇಕು. 1210ರಂಥ ಲಾರಿಯಲ್ಲಿ ಫ್ಯಾನಿನ ಪೂರ್ತಿ ತೂಕ, ಪೂರ್ತಿ ಎಳೆತ ವಾಟರ್ ಪಂಪಿನ ಷಾಫ್ಟಿನ ಮೇಲಿದೆ. ಭಾರ ಹೆಚ್ಚಿಸಿದರೆ ಮೊದಲು ಸೀಲ್ ಸೋರುತ್ತದೆ, ಆಮೇಲೆ ಷಾಫ್ಟ್ ಆಡುತ್ತದೆ, ಕೊನೆಗೆ ಫ್ಯಾನ್ ರೇಡಿಯೇಟರನ್ನು ಕೊರೆಯುತ್ತದೆ. ಫ್ಯಾನನ್ನು ಹಿಂದುಮುಂದಾಗಿ ಕೂಡಿಸುವುದೂ ನಡೆಯುತ್ತದೆ. ಹಾಗೆ ಕೂಡಿಸಿದರೆ ಗಾಳಿಯ ದಿಕ್ಕು ಬದಲಾಗುವುದಿಲ್ಲ, ಆದ್ದರಿಂದ ಕಾಗದ ಹಿಡಿದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ರೆಕ್ಕೆಯ ಬಾಗು ಉಲ್ಟಾ ಆಗಿ ಎಳೆಯುವ ಗಾಳಿ ಬಹಳ ಕಡಿಮೆಯಾಗುತ್ತದೆ. ವಾಟರ್ ಪಂಪ್ ಕೆಲಸ ಮಾಡಿಸಿದ ಮೇಲೆ ಹೀಟ್ ಶುರುವಾದ ಲಾರಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನು.

ಬಿರುಕು ಬಿಟ್ಟ ರೆಕ್ಕೆಗೆ ವೆಲ್ಡಿಂಗ್ ಮಾಡುವುದನ್ನು ಮಾತ್ರ ನಾನು ತಪ್ಪು ತಿಳಿವಳಿಕೆ ಎಂದು ಬಿಡಲಾರೆ. ಅದು ಅಪರಾಧ. ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ರೆಕ್ಕೆ ಮುರಿದರೆ ಬಾನೆಟ್ ಸೀಳಿಕೊಂಡು ಹೊರಬರುತ್ತದೆ. ಎಂಜಿನ್ ರೇಸ್ ಮಾಡಿಸಿ ಪಕ್ಕದಲ್ಲಿ ಬಾಗಿ ನೋಡುತ್ತಿರುವವನು ಸಾಮಾನ್ಯವಾಗಿ ಆ ಗ್ಯಾರೇಜಿನ ಅತಿ ಚಿಕ್ಕ ಹುಡುಗ. ಬಿರುಕು ಕಂಡರೆ, ರೆಕ್ಕೆ ಬಾಗಿದ್ದರೆ, ರಿವೆಟ್ ಸಡಿಲವಿದ್ದರೆ ಫ್ಯಾನ್ ಗುಜರಿಗೆ. ಬಡಿದು ನೇರ ಮಾಡುವುದೂ ಬೇಡ. ಫ್ಯಾನ್ ತಿರುಗುವಾಗ ಅದರ ಸಾಲಿನಲ್ಲಿ ಯಾರೂ ನಿಲ್ಲಕೂಡದು.

ಕಾರಿನ ವಿದ್ಯುತ್ ಫ್ಯಾನ್ ಕಟ್ಟಿಕೊಳ್ಳುವ ಹೊಸ ಹುಚ್ಚಿನ ಬಗ್ಗೆ ಎರಡೇ ಮಾತು. ಲಾರಿಯ ಫ್ಯಾನ್ ನಾಲ್ಕು ಕಿಲೋವಾಟ್ ಕೆಲಸ ಮಾಡುತ್ತದೆ ಎಂದರೆ, 24 ವೋಲ್ಟಿನಲ್ಲಿ ಅದಕ್ಕೆ 160 ಆಂಪಿಯರಿಗೂ ಮೇಲೆ ಕರೆಂಟ್ ಬೇಕು. ಹಳೆಯ ಲಾರಿಯ ಆಲ್ಟರ್ನೇಟರಿಗೆ ಅದು ಸಾಧ್ಯವಿಲ್ಲ.

ಡ್ರೈವರುಗಳಿಗೂ ಒಂದು ಮಾತು ಹೇಳಲೇಬೇಕು. ಏರಿನಲ್ಲಿ ಡೀಸೆಲ್ ಉಳಿಸಲು ಮೇಲಿನ ಗೇರಿನಲ್ಲೇ ಎಳೆಸುತ್ತಾ ಹೋದರೆ ಎಂಜಿನ್ ಸುತ್ತು ಇಳಿಯುತ್ತದೆ, ಅದರೊಂದಿಗೆ ಫ್ಯಾನೂ ವಾಟರ್ ಪಂಪೂ ನಿಧಾನವಾಗುತ್ತವೆ. ಶಾಖ ಮಾತ್ರ ಪೂರ್ತಿ ಹುಟ್ಟುತ್ತಿರುತ್ತದೆ. ಒಂದು ಗೇರ್ ಇಳಿಸಿ. ಮುಳ್ಳು ಏರಿದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸದೆ, ಐಡಲಿಗಿಂತ ತುಸು ಮೇಲೆ ಓಡಲು ಬಿಡಿ. ಒಮ್ಮೆಲೆ ಆರಿಸಿದರೆ ಹೆಡ್ಡಿನಲ್ಲಿ ನಿಂತ ನೀರು ಅಲ್ಲೇ ಕುದಿಯುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದು ಹೆಡ್ ಸೀಳುವ ಖಚಿತ ದಾರಿ, ಮುಚ್ಚಳ ತೆರೆಯುವುದು ಮುಖ ಸುಟ್ಟುಕೊಳ್ಳುವ ದಾರಿ.

ಉಳಿದದ್ದು ದುಡ್ಡಿನ ವಾದ. ಹಳೆಯ ಲಾರಿಗೆ ಇಷ್ಟೆಲ್ಲ ಏಕೆ ಎಂದು ಓನರ್ ಕೇಳುತ್ತಾರೆ. ಎಂಟು ವರ್ಷ ದಾಟಿದ ಲಾರಿಗೆ ವರ್ಷವರ್ಷವೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಆ ಹೊತ್ತಿಗೆ ಬಣ್ಣ, ರೇಡಿಯಂ ಪಟ್ಟಿ, ಹೊಸ ಲೈಟುಗಳಿಗೆ ಹಣ ಹುಟ್ಟುತ್ತದೆ. ಥರ್ಮೋಸ್ಟಾಟಿನ ಬೆಲೆ ಕೆಲವು ನೂರು ರೂಪಾಯಿ, ಮುಚ್ಚಳದ್ದು ಅದಕ್ಕಿಂತ ಕಡಿಮೆ. ಬಿಚ್ಚಿಟ್ಟ ಶ್ರೌಡ್ ಅದೇ ಗ್ಯಾರೇಜಿನ ಗೋಡೆಗೆ ಇನ್ನೂ ಒರಗಿಕೊಂಡಿರಬಹುದು. ಹೆಡ್ ಗ್ಯಾಸ್ಕೆಟ್, ಫೇಸಿಂಗ್, ರಿಬೋರ್ ಹತ್ತಾರು ಸಾವಿರಗಳ ಲೆಕ್ಕ, ಜೊತೆಗೆ ಲಾರಿ ನಿಂತ ದಿನಗಳ ಬಾಡಿಗೆ. ಆ ದಿನಗಳಲ್ಲಿ ಡ್ರೈವರಿಗೂ ಕ್ಲೀನರಿಗೂ ಟ್ರಿಪ್ ಬತ್ತೆ ಇಲ್ಲ. ತೀರ್ಮಾನ ಓನರಿನದ್ದು, ಹಸಿವು ಅವರದ್ದು.

ನಕಲಿ ಥರ್ಮೋಸ್ಟಾಟಿನ ಭಯ ಇರುವವರು ಹಾಕುವ ಮೊದಲು ಪರೀಕ್ಷಿಸಲಿ. ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ತಳಕ್ಕೆ ತಾಗದಂತೆ ಇಳಿಬಿಟ್ಟು, ಪಕ್ಕದಲ್ಲಿ ಒಂದು ಥರ್ಮಾಮೀಟರ್ ಹಿಡಿದು ಒಲೆ ಹಚ್ಚಿ. ಅದರ ಮೇಲೆ ಅಚ್ಚೊತ್ತಿದ ಡಿಗ್ರಿಯ ಹತ್ತಿರ ಬಾಯಿ ಬಿಡಬೇಕು, ನೀರು ಕುದಿಯುವ ಮೊದಲು ಪೂರ್ತಿ ತೆರೆದಿರಬೇಕು, ತಣ್ಣೀರಿಗೆ ಹಾಕಿದಾಗ ಮತ್ತೆ ಮುಚ್ಚಬೇಕು. ಇಷ್ಟಾದರೆ ಹಾಕಬಹುದು. ಗಾಳಿ ಬಿಡುವ ಸಣ್ಣ ತೂತು ಅದರಲ್ಲಿದ್ದರೆ ಅದು ಮೇಲ್ಬದಿಗೆ ಬರುವಂತೆ ಕೂಡಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿಯಿರಿ. ಆಮೇಲೆ ನೀರು ನಿಧಾನವಾಗಿ ತುಂಬಿಸಿ, ಮುಚ್ಚಳ ತೆರೆದಿಟ್ಟೇ ಎಂಜಿನ್ ಐಡಲಿನಲ್ಲಿ ಓಡಿಸಿ ಒಳಗಿನ ಗಾಳಿ ಹೊರಬರಲು ಬಿಡಿ, ಇಳಿದಷ್ಟು ನೀರು ಸೇರಿಸಿ, ಕುದಿಯುವ ಮೊದಲೇ ಮುಚ್ಚಳ ಹಾಕಿ. ಮೇಲಿನ ಹೋಸನ್ನು ಮುಟ್ಟಿ ನೋಡಿ: ಸ್ವಲ್ಪ ಹೊತ್ತು ತಣ್ಣಗಿದ್ದು, ಮುಳ್ಳು 80ರ ಸುತ್ತ ಬಂದಾಗ ಒಮ್ಮೆಲೆ ಬಿಸಿಯಾಗಬೇಕು.